ಗ್ಯಾಸ್ ಎಲ್ಲಿಗೆ ಹೋಯಿತು? ಕಾರಿನ ಎಸಿ ರಿಪೇರಿಯ ಒಂದು ಚರಿತ್ರೆ

ಕಳೆದ ಬೇಸಿಗೆಯಲ್ಲಿ ಅಪ್ಪನ ಕಾರಿನ ಎಸಿ ಮೂರು ಸಲ ಕೈಕೊಟ್ಟಿತು. ಅಪ್ಪ ಕಲಬುರಗಿಯಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ನಲವತ್ತೆರಡು ಡಿಗ್ರಿ ಎಂಬುದು ಸುದ್ದಿಯೇ ಅಲ್ಲ. ಬಾಡಿಗೆಗೆ ಫೋನು ಮಾಡುವವರು ಮೊದಲು ಕೇಳುವುದು ಕಿಲೋಮೀಟರಿಗೆ ಎಷ್ಟು ಎಂದಲ್ಲ, “ಎಸಿ ಅದ ಏನ್ರಿ?” ಎಂದು. ಇಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಹೀಗಾಗಿ ಎಸಿ ನಿಂತ ದಿನ ಅಪ್ಪನ ದುಡಿಮೆಯೂ ನಿಂತಂತೆಯೇ.

ಮೊದಲ ಸಲ ಗ್ಯಾರೇಜಿನವರು ಬಾನೆಟ್ ಎತ್ತಿ, ಎರಡು ಪೈಪು ಜೋಡಿಸಿ, “ಗ್ಯಾಸ್ ಖಾಲಿಯಾಗಿದೆ” ಎಂದರು. ಇಪ್ಪತ್ತು ನಿಮಿಷದ ಕೆಲಸ, 1,800 ರೂಪಾಯಿ. ಕಾರು ತಣ್ಣಗಾಯಿತು. ಮೂರು ವಾರಕ್ಕೆ ಮತ್ತೆ ಬಿಸಿ ಗಾಳಿ. ಮತ್ತೆ ಅದೇ ಮಾತು, ಅದೇ 1,800. ಮೂರನೆಯ ಸಲ ತುಂಬಿಸಿದ್ದು ಹದಿನೈದು ದಿನವೂ ಬರಲಿಲ್ಲ. ಮೇ ಮುಗಿಯುವ ಹೊತ್ತಿಗೆ 5,400 ರೂಪಾಯಿ ಹೋಗಿತ್ತು, ಎಸಿ ಮಾತ್ರ ಮೊದಲಿದ್ದ ಸ್ಥಿತಿಯಲ್ಲೇ ಇತ್ತು.

ಕೊನೆಗೆ ಯಾರೋ ಹೇಳಿದರೆಂದು ಊರಾಚೆಯ ಒಂದು ಸಣ್ಣ ಶೆಡ್ಡಿಗೆ ಹೋದೆವು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್‌ಗೆ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅಪ್ಪ “ಗ್ಯಾಸ್ ಪದೇ ಪದೇ ಖಾಲಿ ಆಗ್ಲಿಕ್ಕತ್ತದ” ಎಂದಾಗ ಅವರು ನಕ್ಕರು. “ಖಾಲಿ ಹೆಂಗ ಆಗ್ತದ? ಅದೇನು ಡೀಸೆಲ್ಲೇನು ಸುಟ್ಟು ಹೋಗ್ಲಿಕ್ಕೆ? ಸುತ್ತ ತಿರುಗಿ ಅಲ್ಲೇ ಇರ್ತದ. ಇಲ್ಲ ಅಂದ್ರ ಎಲ್ಲೋ ಸೋರ್ಲಿಕ್ಕತ್ತದ. ತೂತು ಹುಡುಕೋದು ಬಿಟ್ಟು ನೀರು ತುಂಬಿದ್ರ ಕೊಡ ಉಳೀತದೇನು?”

ನಾನು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಿಜಾಮ್ ಸಂಸ್ಥಾನದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಶುರುಮಾಡಿದ ರಸ್ತೆ ಸಾರಿಗೆ ನನ್ನ ವಿಷಯದ ಒಂದು ಭಾಗ. ಹಳೆಯ ಕಡತಗಳನ್ನು ತಿರುವಿದಷ್ಟೂ ನನಗೆ ಕಂಡದ್ದೆಂದರೆ, ವಾಹನ ಕೊಂಡ ಲೆಕ್ಕ ಸುಲಭವಾಗಿ ಸಿಗುತ್ತದೆ. ರಿಪೇರಿಯ ಲೆಕ್ಕ ಸಿಗುವುದು ಕಷ್ಟ. ಯಂತ್ರಗಳ ಚರಿತ್ರೆಯೆಂದರೆ ಅವುಗಳನ್ನು ಕಂಡುಹಿಡಿದವರ ಚರಿತ್ರೆ ಎಂದೇ ನಾವು ಓದುತ್ತ ಬಂದಿದ್ದೇವೆ. ಕೆಟ್ಟ ಮೇಲೆ ಏನಾಯಿತು, ಯಾರು ಸರಿಮಾಡಿದರು, ಅದಕ್ಕೆ ಎಷ್ಟು ತಗುಲಿತು, ಅದನ್ನು ಯಾರು ತೆತ್ತರು ಎಂಬುದು ಪುಸ್ತಕಗಳಲ್ಲಿ ಅಷ್ಟಾಗಿ ಇರುವುದಿಲ್ಲ. ಉಸ್ತಾದರ ಮಾತು ಕೇಳಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಸೋರಿದ ಗ್ಯಾಸ್ ಹೋಗಿದ್ದಾದರೂ ಎಲ್ಲಿಗೆ?

ಮೊದಲು ಎಸಿ ಮಾಡುವ ಕೆಲಸವನ್ನು ತಿಳಿಯಬೇಕು. ಬೇಸಿಗೆಯಲ್ಲಿ ಡ್ರೈವರುಗಳು ಒದ್ದೆ ಟವೆಲ್ಲನ್ನು ಕೊರಳಿಗೆ ಸುತ್ತಿಕೊಳ್ಳುತ್ತಾರಲ್ಲ, ಎಸಿಯ ತತ್ವವೂ ಅದೇ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಟವೆಲ್ಲಿನ ನೀರು ಗಾಳಿಗೆ ಹೋಗಿಬಿಡುತ್ತದೆ. ಎಸಿಯಲ್ಲಿ ಮಾತ್ರ ಆವಿಯಾದದ್ದನ್ನು ಹಿಡಿದು ಮತ್ತೆ ದ್ರವ ಮಾಡಿ ಮತ್ತೆ ಆವಿ ಮಾಡುತ್ತಾರೆ. ಈಗ ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಅನಿಲ ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿ ಬಿಸಿಯಾದ ಅನಿಲ ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಹೊರಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಆ ದ್ರವ ಸಣ್ಣ ಕಂಡಿಯೊಂದರಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಆವಿಯಾಗುತ್ತದೆ. ಆಗ ಕಾಯಿಲಿನ ಮೇಲೆ ಹಾಯುವ ಗಾಳಿ ತಣ್ಣಗಾಗಿ ನಮ್ಮ ಮುಖಕ್ಕೆ ಬರುತ್ತದೆ. ಈ ಸುತ್ತಿನಲ್ಲಿ ಒಂದು ಹನಿಯೂ ಖರ್ಚಾಗುವುದಿಲ್ಲ.

ಹಾಗಿದ್ದರೆ ಕಾರಿನ ಎಸಿ ಏಕೆ ಇಷ್ಟು ಸೋರುತ್ತದೆ? ಮನೆಯ ಫ್ರಿಜ್ಜಿನಲ್ಲಿ ಮೋಟರು, ಕಂಪ್ರೆಸರು ಎರಡೂ ಒಂದೇ ಉಕ್ಕಿನ ಡಬ್ಬಿಯೊಳಗೆ ಬೆಸುಗೆ ಹಾಕಿ ಮುಚ್ಚಿರುತ್ತವೆ. ಹೊರಗೆ ಬರುವುದು ಕರೆಂಟಿನ ತಂತಿ ಮತ್ತು ಬೆಸುಗೆ ಹಾಕಿದ ಕೊಳವೆಗಳು ಮಾತ್ರ. ಇಪ್ಪತ್ತು ವರ್ಷವಾದರೂ ಗ್ಯಾಸ್ ತುಂಬಿಸದ ಫ್ರಿಜ್ಜುಗಳು ಎಷ್ಟೋ ಮನೆಗಳಲ್ಲಿವೆ. ಕಾರಿನಲ್ಲಿ ಕಂಪ್ರೆಸರನ್ನು ತಿರುಗಿಸುವುದು ಇಂಜಿನ್. ತಿರುಗುವ ದಂಡವೊಂದು ಹೊರಗಿನಿಂದ ಒಳಕ್ಕೆ ಹೋಗಲೇಬೇಕು. ಅದರ ಸುತ್ತ ಒಂದು ಸೀಲ್ ಇರುತ್ತದೆ. ಇಂಜಿನ್ ಅದುರುವುದರಿಂದ ಕೊಳವೆಗಳು ರಬ್ಬರಿನವಾಗಿರಬೇಕು. ಒಂದೊಂದು ಜೋಡಣೆಗೂ ಒಂದೊಂದು ರಬ್ಬರ್ ಉಂಗುರ ಬೇಕು. ಕಂಡೆನ್ಸರ್ ಕಾರಿನ ಮೂಗಿನ ತುದಿಯಲ್ಲೇ ಇರುವುದರಿಂದ ರಸ್ತೆಯ ಕಲ್ಲೆಲ್ಲ ಮೊದಲು ತಾಗುವುದು ಅದಕ್ಕೇ. ಇನ್ನೊಂದು ವಿಚಿತ್ರವಿದೆ. ಸೀಲನ್ನು ಮೆತ್ತಗಿಡುವ ಎಣ್ಣೆ ಅನಿಲದ ಜೊತೆಗೇ ಸುತ್ತುತ್ತದೆ. ಎಸಿ ಹಾಕದೆ ತಿಂಗಳುಗಟ್ಟಲೆ ಬಿಟ್ಟರೆ ಸೀಲ್ ಒಣಗಿ ಬಿರಿಯುತ್ತದೆ. ಅಪ್ಪ ಡೀಸೆಲ್ ಉಳಿಸಲೆಂದು ಗಿರಾಕಿ ಇಲ್ಲದಾಗ ಎಂದೂ ಎಸಿ ಹಾಕಿದವರಲ್ಲ. ಚಳಿಗಾಲದಲ್ಲಂತೂ ಗುಂಡಿಯನ್ನೇ ಮುಟ್ಟುತ್ತಿರಲಿಲ್ಲ. ಆ ಉಳಿತಾಯವೂ ಸೋರಿಕೆಗೆ ಒಂದು ದಾರಿ ಎಂದು ಉಸ್ತಾದ್ ಹೇಳುವ ತನಕ ನಮಗೆ ತಿಳಿದಿರಲಿಲ್ಲ.

ಸೋರಿಕೆಯ ಭಯ ಕಾರಿಗಿಂತ ಹಳೆಯದು. 1920ರ ದಶಕದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಬಳಸುತ್ತಿದ್ದರು. ಎಲ್ಲವೂ ವಿಷಕಾರಿ. ರಾತ್ರಿ ಸೋರಿದರೆ ಮಲಗಿದವರು ಏಳುತ್ತಿರಲಿಲ್ಲ. ಇಂಥ ಸಾವುಗಳ ಸುದ್ದಿ ಓದಿಯೇ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜೊಂದನ್ನು ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಸೀಲ್ ಇಲ್ಲದಿದ್ದರೆ ಸೋರಿಕೆಯೂ ಇಲ್ಲ ಎಂಬುದು ಅವರ ತರ್ಕ. ಆದರೆ ಗೆದ್ದದ್ದು ಬೇರೆಯದೇ ದಾರಿ. ಸೋರಿಕೆಯನ್ನು ನಿಲ್ಲಿಸುವ ಬದಲು, ಸೋರಿದರೂ ಯಾರನ್ನೂ ಕೊಲ್ಲದ ಅನಿಲವನ್ನು ಹುಡುಕುವ ದಾರಿ ಅದು. ಜನರಲ್ ಮೋಟಾರ್ಸ್‌ಗಾಗಿ ಕೆಲಸ ಮಾಡುತ್ತಿದ್ದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಅದನ್ನು ಕಂಡುಕೊಂಡರು. ಕಾರ್ಬನ್, ಕ್ಲೋರಿನ್, ಫ್ಲೋರಿನ್ ಸೇರಿದ ಆ ಅನಿಲ ಫ್ರಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಆರ್-12. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಜ್ಲಿ ಅದನ್ನು ಎದೆತುಂಬ ಎಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವಲ್ಲ, ಬೆಂಕಿ ಹಿಡಿಯುವುದೂ ಇಲ್ಲ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದವನೂ ಇದೇ ಮಿಜ್ಲಿ.

ಮನುಷ್ಯನ ಪಕ್ಕದಲ್ಲಿ ಸೋರಿದರೂ ಅಪಾಯವಿಲ್ಲದ ಅನಿಲ ಸಿಕ್ಕ ಮೇಲೆ ಅದನ್ನು ಕಾರಿನೊಳಗೆ ತರಲು ತಡವಾಗಲಿಲ್ಲ. 1939ರ ಕೊನೆಯಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ, ಮುಂದಿನ ವರ್ಷದ ಮಾದರಿಗಳಲ್ಲಿ ಬೇಕಾದವರಿಗೆ ಎಸಿ ಕೊಡುವುದಾಗಿ ಹೇಳಿತು. ಬೆಲೆ 274 ಡಾಲರ್. ತಣ್ಣಗಾಗಿಸುವ ಕಾಯಿಲ್ ಹಿಂದಿನ ಸೀಟಿನ ಬೆನ್ನಿಗೆ ಡಿಕ್ಕಿಯ ಅರ್ಧ ಜಾಗವನ್ನು ತಿಂದುಹಾಕಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಸಿ ಬೇಡವೆನಿಸಿದರೆ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು ಬೆಲ್ಟನ್ನೇ ಕಳಚಬೇಕಿತ್ತು. ಕೊಂಡವರು ಕಡಿಮೆ. 1941ರ ಬಳಿಕ ಕಂಪನಿ ಅದನ್ನು ಕೈಬಿಟ್ಟಿತು. ಯುದ್ಧ ಮುಗಿದು, 1953ರಲ್ಲಿ ಹಲವು ಕಂಪನಿಗಳು ಮತ್ತೆ ಎಸಿ ತಂದವು. 1954ರಲ್ಲಿ ನ್ಯಾಶ್ ಕಂಪನಿ ಎಲ್ಲ ಭಾಗಗಳನ್ನೂ ಬಾನೆಟ್ ಕೆಳಗೇ ಕೂರಿಸಿ, ಹೀಟರಿನ ಜೊತೆ ಸೇರಿಸಿ, ಗುಂಡಿಗಳನ್ನು ಡ್ಯಾಶ್‌ಬೋರ್ಡಿಗೆ ತಂದು 345 ಡಾಲರಿಗೆ ಮಾರಿತು. ನಾವು ಇಂದು ಕಾಣುವ ಕಾರಿನ ಎಸಿ ಅದೇ ವಿನ್ಯಾಸದ ಕುಡಿ. 1960ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎಸಿ ಇತ್ತು.

ಆ ಕಾರುಗಳ ಜೊತೆಗೇ ರಿಪೇರಿಯ ಒಂದು ಪದ್ಧತಿಯೂ ಬೆಳೆಯಿತು. ಆರ್-12 ಅಗ್ಗ, ಅಪಾಯವಿಲ್ಲದ್ದು. ಸಣ್ಣ ಡಬ್ಬಿಗಳಲ್ಲಿ ಅಂಗಡಿಯಲ್ಲೇ ಸಿಗುತ್ತಿತ್ತು. ತಂಪು ಕಡಿಮೆಯಾದರೆ ಮನೆಯಲ್ಲೇ ಒಂದು ಡಬ್ಬಿ ಸುರಿದುಕೊಳ್ಳಬಹುದಿತ್ತು. ಭಾಗ ಬದಲಿಸಬೇಕಾದರೆ ಮೆಕ್ಯಾನಿಕ್ ಮೊದಲು ವಾಲ್ವ್ ತೆರೆದು ಒಳಗಿದ್ದುದನ್ನೆಲ್ಲ ಗಾಳಿಗೆ ಬಿಡುತ್ತಿದ್ದ. ಯಾರಿಗೂ ಅದು ತಪ್ಪು ಎನಿಸಿರಲಿಲ್ಲ. ಬಣ್ಣವಿಲ್ಲದ, ನಾತವಿಲ್ಲದ, ಯಾರನ್ನೂ ಕೊಲ್ಲದ ಅನಿಲ ಹೋದರೆ ಹೋಗಲಿ. ಸೋರಿಕೆಯನ್ನು ಹುಡುಕುವುದಕ್ಕಿಂತ ತುಂಬಿಸುವುದೇ ಅಗ್ಗ ಎಂಬ ಲೆಕ್ಕ ಆಗಲೇ ಶುರುವಾಯಿತು. ಅಪ್ಪ ಮೂರು ಸಲ ತೆತ್ತ 1,800 ರೂಪಾಯಿಯ ಹಿಂದೆ ಇದ್ದದ್ದೂ ಅದೇ ಲೆಕ್ಕ.

1974ರಲ್ಲಿ ಕ್ಯಾಲಿಫೋರ್ನಿಯಾದ ಶೆರ್ವುಡ್ ರೋಲಂಡ್ ಮತ್ತು ಮಾರಿಯೋ ಮೊಲಿನಾ ನನ್ನದೇ ಪ್ರಶ್ನೆಯನ್ನು ಕೇಳಿಕೊಂಡರು. ಈ ಅನಿಲಗಳೆಲ್ಲ ಎಲ್ಲಿಗೆ ಹೋಗುತ್ತವೆ? ಯಾವುದರ ಜೊತೆಗೂ ಬೆರೆಯದ, ಮಳೆಯಲ್ಲೂ ತೊಳೆದುಹೋಗದ ಅವು ಮೇಲೇರುತ್ತ ವಾಯುಮಂಡಲದ ಎರಡನೆಯ ಪದರ ಸೇರುತ್ತವೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ತಾಗಿದಾಗ ಕ್ಲೋರಿನ್ ಬಿಡುಗಡೆಯಾಗುತ್ತದೆ. ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ಒಡೆಯುತ್ತದೆ. ಕೋಣೆಯೊಳಗೆ ಯಾವ ಗುಣದಿಂದ ಅದು ಸುರಕ್ಷಿತವಾಗಿತ್ತೋ, ಆಕಾಶದಲ್ಲಿ ಅದೇ ಗುಣ ಕುತ್ತಾಯಿತು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಅಂಟಾರ್ಕ್ಟಿಕಾದ ಮೇಲೆ ಓಝೋನ್ ಪದರ ತೆಳುವಾಗಿರುವುದನ್ನು ಅಳೆದು ತೋರಿಸಿದರು. ಎರಡು ವರ್ಷ ಕಳೆದು, 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು.

ಈ ಕಥೆಯನ್ನು ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರೊಂದಿದೆ. ಆ ಹೆಸರು ನಮ್ಮ ಸೀಮೆಗೆ ಹತ್ತಿರದ್ದು. ವೀರಭದ್ರನ್ ರಾಮನಾಥನ್ 1944ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಬೆಂಗಳೂರಿಗೆ ಬಂದವರು. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದ ಮೇಲೆ ಸಿಕಂದರಾಬಾದಿನ ರೆಫ್ರಿಜರೇಟರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗೆ ಕೊಟ್ಟ ಕೆಲಸ, ಫ್ರಿಜ್ಜುಗಳಿಂದ ಅನಿಲ ಏಕೆ ಸೋರುತ್ತಿದೆ ಎಂದು ಹುಡುಕುವುದು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಗ್ರಹಗಳ ವಾಯುಮಂಡಲದ ಬಗ್ಗೆ ಪಿಎಚ್.ಡಿ. ಮಾಡಿದರು. ರೋಲಂಡ್ ಮತ್ತು ಮೊಲಿನಾ ಅವರ ಲೇಖನ ಬಂದಾಗ ಆ ಅನಿಲದ ಪರಿಚಯ ಅವರಿಗೆ ಸಿಕಂದರಾಬಾದಿನಿಂದಲೇ ಇತ್ತು. 1975ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಬೇರೆಯದೇ ಸತ್ಯವನ್ನು ಹೇಳಿತು. ಓಝೋನಿನ ಮಾತು ಹಾಗಿರಲಿ, ಇವು ಭೂಮಿಯ ಶಾಖವನ್ನೂ ಹಿಡಿದಿಡುತ್ತವೆ. ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಷ್ಟು ಕೆಲಸ ಮಾಡಬಲ್ಲದು. ಅಂದರೆ ಕಾರಿನ ಒಳಗೆ ತಂಪು ಮಾಡಲು ಬಂದ ಅನಿಲ ಹೊರಗೆ ಸೋರಿದರೆ ಊರನ್ನೇ ಬಿಸಿ ಮಾಡುತ್ತದೆ. ಉಸ್ತಾದ್ ಮತ್ತು ರಾಮನಾಥನ್ ಇಬ್ಬರೂ ಶುರುಮಾಡಿದ್ದು ಒಂದೇ ಕಡೆಯಿಂದ, ಎಲ್ಲಿ ಸೋರುತ್ತಿದೆ ಎಂಬಲ್ಲಿಂದ. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಭಾರತದಲ್ಲಿ ಕಾರಿನ ಎಸಿ ಮಧ್ಯಮವರ್ಗದ ಕಣ್ಣಿಗೆ ಬಿದ್ದದ್ದು ಮಾರುತಿಯಿಂದ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1985ರಲ್ಲಿ ಜಪಾನಿನ ಡೆನ್ಸೋ ಮತ್ತು ಸುಝುಕಿ ಸಹಯೋಗದಲ್ಲಿ ಕಾರಿನ ಎಸಿ ತಯಾರಿಸಲೆಂದೇ ಸುಬ್ರೋಸ್ ಕಂಪನಿ ಹುಟ್ಟಿತು. ಮಾರುತಿಯ ಬೆನ್ನ ಮೇಲೆ ‘ಎಸಿ’ ಎಂಬ ಎರಡಕ್ಷರ ಇದ್ದರೆ ಅದೊಂದು ಅಂತಸ್ತು. ಇಲ್ಲದಿದ್ದರೆ ಅದು ‘ಸ್ಟ್ಯಾಂಡರ್ಡ್’. ಹೀಗೆ ನಮ್ಮಲ್ಲಿ ಕಾರಿನ ಎಸಿ ಶುರುವಾದದ್ದೂ, ಅದರ ಅನಿಲವನ್ನು ನಿಲ್ಲಿಸಬೇಕು ಎಂದು ಜಗತ್ತು ತೀರ್ಮಾನಿಸಿದ್ದೂ ಹೆಚ್ಚುಕಡಿಮೆ ಒಂದೇ ಕಾಲ. ಐವತ್ತು ವರ್ಷ ಅನಿಲ ಸೋರಿಸಿದವರು ಬೇರೆ, ಈಗಷ್ಟೇ ತಂಪು ಕಂಡವರು ಬೇರೆ. ಬದಲಾವಣೆಯ ವೆಚ್ಚವನ್ನು ಯಾರು ಕೊಡಬೇಕು ಎಂದು ಭಾರತ ಮತ್ತು ಚೀನಾ ಪಟ್ಟುಹಿಡಿದವು. 1990ರ ಲಂಡನ್ ಸಭೆಯಲ್ಲಿ ಭಾರತದ ಪರವಾಗಿ ಮಾತಾಡಿದವರು ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ. ಬಡ ದೇಶಗಳ ಬದಲಾವಣೆಗೆ ಶ್ರೀಮಂತ ದೇಶಗಳು ಹಣ ಕೊಡುವ ನಿಧಿ ಅಲ್ಲಿ ಒಪ್ಪಿಗೆಯಾಯಿತು. 1992ರಲ್ಲಿ ಭಾರತ ಒಪ್ಪಂದ ಸೇರಿತು. 2000ದಲ್ಲಿ ನಿಯಮ ಬಂತು. ನಂತರದ ವರ್ಷಗಳಲ್ಲಿ ಹೊಸ ಕಾರುಗಳು ಆರ್-12 ಬಿಟ್ಟು ಆರ್-134ಎ ಹಿಡಿದವು. ಆ ನಿಧಿಯ ಹಣದ ಒಂದು ಭಾಗ ಕಾರ್ಖಾನೆಗಳಿಗಲ್ಲದೆ ರಿಪೇರಿ ಮಾಡುವವರ ತರಬೇತಿಗೂ ಹೋಯಿತು. ಅನಿಲ ಆಕಾಶಕ್ಕೆ ಹೋಗುವ ಬಾಗಿಲು ಹೆಚ್ಚಾಗಿ ತೆರೆಯುವುದು ಸಣ್ಣ ಶೆಡ್ಡುಗಳಲ್ಲಿ ಎಂಬುದನ್ನು ಅಂತರರಾಷ್ಟ್ರೀಯ ಒಪ್ಪಂದವೊಂದು ಗುರುತಿಸಿದ ಅಪರೂಪದ ಸಂದರ್ಭ ಅದು.

ಉಸ್ತಾದ್ ಕೆಲಸ ಕಲಿತದ್ದು ತೊಂಬತ್ತರ ದಶಕದಲ್ಲಿ, ಹೈದರಾಬಾದಿನಲ್ಲಿ. “ಆಗ ಪೈಪ್ ಬಿಚ್ಚಿದ್ವಿ ಅಂದ್ರ ಸುಂಯ್ ಅಂತ ಎಲ್ಲಾ ಹೋಗ್ತಿತ್ತು. ಬೀಸಾಕಿ ಚಾ ಕುಡೀಲಿಕ್ಕೆ ಹೋಗ್ತಿದ್ವಿ. ಯಾರಿಗೆ ಗೊತ್ತಿತ್ತು?” ಎಂದರು. ಹೊಸ ಅನಿಲ ಬಂದಾಗ ಹಳೆಯ ಎಣ್ಣೆ ಅದಕ್ಕೆ ಹೊಂದುತ್ತಿರಲಿಲ್ಲ. ಹಳೆಯ ಕಾರಿಗೆ ಹೊಸ ಗ್ಯಾಸ್ ತುಂಬಿ ಕಂಪ್ರೆಸರ್ ಜಾಮ್ ಆದ ಕಥೆಗಳು ಅವರ ಬಳಿ ಬೇಕಾದಷ್ಟಿವೆ.

ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಆದ್ದರಿಂದ ಓಝೋನಿಗೆ ಹಾನಿಯಿಲ್ಲ. ಆದರೆ ರಾಮನಾಥನ್ ತೋರಿಸಿದ ದೋಷ ಅದರಲ್ಲೂ ಇದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಪ್ಪನ ಕಾರಿಗೆ ಹಿಡಿಯುವುದು 400 ಗ್ರಾಂ. ಮೂರು ಸಲ ತುಂಬಿಸಿ ಕಳೆದುಕೊಂಡದ್ದು 1,200 ಗ್ರಾಂ ಎಂದಿಟ್ಟುಕೊಂಡರೆ, ಅದು 1,700 ಕಿಲೋ ಇಂಗಾಲದ ಡೈಆಕ್ಸೈಡಿನ ಸಮ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.65 ಕಿಲೋ ಬರುತ್ತದೆ. ಅಂದರೆ 640 ಲೀಟರ್ ಡೀಸೆಲ್. ಅಪ್ಪನ ಕಾರು ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತದೆ. ಆ ಡೀಸೆಲ್ಲಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಎಂಟೊಂಬತ್ತು ಸಲ ಹೋಗಿಬರಬಹುದು. ಗಿರಾಕಿ ಇಲ್ಲದಾಗ ಎಸಿ ಹಾಕದೆ ಚಮಚದಲ್ಲಿ ಡೀಸೆಲ್ ಉಳಿಸಿದ ಮನುಷ್ಯನ ಕಾರಿನಿಂದ, ಅವನಿಗೆ ಗೊತ್ತೇ ಆಗದಂತೆ, ಇಷ್ಟು ಹೋಯಿತು. ಅದಕ್ಕೆ ಅವನು ದುಡ್ಡನ್ನೂ ಕೊಟ್ಟಿದ್ದ.

ಇದಕ್ಕೂ ಜಗತ್ತು ಒಂದು ದಾರಿ ಹುಡುಕಿದೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಲ್ಲಿ ಆರ್-134ಎ ಬಳಸುವಂತಿಲ್ಲ. ಅದರ ಜಾಗಕ್ಕೆ ಬಂದಿರುವ ಆರ್-1234ವೈಎಫ್ ವಾಯುಮಂಡಲದಲ್ಲಿ ಕೆಲವೇ ದಿನ ಉಳಿಯುತ್ತದೆ; ಆದರೆ ಬೆಲೆ ಹಲವು ಪಟ್ಟು. 2016ರ ಕಿಗಾಲಿ ತಿದ್ದುಪಡಿಯಂತೆ ಭಾರತ 2028ರಲ್ಲಿ ಇಂಥ ಅನಿಲಗಳ ಬಳಕೆಗೆ ಮಿತಿ ಹಾಕಿಕೊಂಡು, 2047ರ ವೇಳೆಗೆ ಶೇ. 85ರಷ್ಟು ಇಳಿಸಬೇಕು. ಬೆಲೆ ಏರಿದಾಗ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆಗಳಿವೆ. ಅಮೆರಿಕದಲ್ಲಿ 1995ರ ಕೊನೆಗೆ ಆರ್-12 ತಯಾರಿಕೆ ನಿಂತ ಹೊತ್ತಿನಲ್ಲಿ ಮಯಾಮಿ ಬಂದರಿನಲ್ಲಿ ಅದರ ಕಳ್ಳಸಾಗಣೆ ಜೋರಾಗಿ ನಡೆಯಿತು. 2011ರಲ್ಲಿ ಆರ್-134ಎ ಎಂದು ನಂಬಿಸಿ ಹಡಗಿನ ಶೀತಲ ಕಂಟೇನರುಗಳಿಗೆ ತುಂಬಿದ್ದ ನಕಲಿ ಅನಿಲ ಸ್ಫೋಟಗೊಂಡು ಮೂವರು ಕಾರ್ಮಿಕರು ಸತ್ತರು. ಆ ನಕಲಿಯಲ್ಲಿ ಬೆರೆಸಿದ್ದು ಮೀಥೈಲ್ ಕ್ಲೋರೈಡ್. 1920ರ ದಶಕದಲ್ಲಿ ಮನೆಗಳಲ್ಲಿ ಜನರನ್ನು ಕೊಂದ ಅದೇ ಅನಿಲ.

ಇನ್ನು ಉಸ್ತಾದರ ರಿಪೇರಿಗೆ ಬರೋಣ. ಅವರು ಮೊದಲು ಮಾಡಿದ್ದು ಬಣ್ಣ ಸೇರಿಸಿದ ಸ್ವಲ್ಪ ಎಣ್ಣೆಯನ್ನು ಒಳಗೆ ಬಿಟ್ಟು ಕಾರು ಓಡಿಸಿದ್ದು. ಆಮೇಲೆ ನೇರಳೆ ಬೆಳಕಿನ ಟಾರ್ಚ್ ಹಿಡಿದು ಒಂದೊಂದೇ ಜೋಡಣೆ ನೋಡಿದರು. ಕಂಡೆನ್ಸರಿನ ಕೆಳ ಮೂಲೆಯಲ್ಲಿ ಕಲ್ಲು ತಾಗಿದ ಜಾಗ ಹಸಿರಾಗಿ ಹೊಳೆಯಿತು. ಸೂಜಿ ಮೊನೆಯಷ್ಟೂ ಇರದ ತೂತು. ಕಂಡೆನ್ಸರ್ ಬದಲಿಸಿದರು. ಒಳಗಿನ ತೇವ ಹೀರುವ ಡ್ರೈಯರನ್ನೂ ಬದಲಿಸಿದರು, ಏಕೆಂದರೆ ಪೈಪು ಬಿಚ್ಚಿದಾಗ ಒಳಹೋಗುವ ಗಾಳಿಯ ತೇವದಿಂದಲೇ ಅದು ತುಂಬಿಹೋಗುತ್ತದೆ. ರಬ್ಬರ್ ಉಂಗುರಗಳನ್ನು ಹೊಸದು ಹಾಕಿದರು. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟರು. ಒಳಗಿನ ಗಾಳಿಯನ್ನೆಲ್ಲ ಎಳೆದರೆ, ಉಳಿದ ತೇವ ಅಷ್ಟು ಕಡಿಮೆ ಒತ್ತಡದಲ್ಲಿ ತಾನೇ ಆವಿಯಾಗಿ ಹೊರಬರುತ್ತದೆ. ಪಂಪ್ ನಿಲ್ಲಿಸಿ ಇನ್ನರ್ಧ ಗಂಟೆ ಮುಳ್ಳನ್ನೇ ನೋಡುತ್ತ ಕೂತರು. ಮುಳ್ಳು ಕದಲಲಿಲ್ಲ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ತುಂಬಿದರು. ಇಪ್ಪತ್ತು ನಿಮಿಷದ ಕೆಲಸದಲ್ಲಿ ಬಿಟ್ಟುಹೋಗಿದ್ದದ್ದು ಈ ಕಾಯುವಿಕೆಯೇ.

ಬಿಲ್ಲು ಹೀಗಿತ್ತು: ಸೋರಿಕೆ ಹುಡುಕಿದ್ದಕ್ಕೆ 500, ಕಂಡೆನ್ಸರ್ 4,200, ಡ್ರೈಯರ್ 600, ಉಂಗುರ ಮತ್ತು ಎಣ್ಣೆ 450, ಗ್ಯಾಸ್ 1,350, ಕೂಲಿ 1,500. ಒಟ್ಟು 8,600 ರೂಪಾಯಿ. ಸೋರಿಕೆ ಕೂಲಿಂಗ್ ಕಾಯಿಲಿನಲ್ಲಿ ಇದ್ದಿದ್ದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಿತ್ತು, ಕೂಲಿಯೇ ಹೆಚ್ಚು. ಕಂಪ್ರೆಸರ್ ಹೋಗಿದ್ದರೆ ಇದರ ಎರಡು ಮೂರು ಪಟ್ಟು ಎಂದರು.

ಕಾಗದದ ಮೇಲೆ ನೋಡಿದರೆ ಮೊದಲೇ 8,600 ಕೊಟ್ಟಿದ್ದರೆ 5,400 ಉಳಿಯುತ್ತಿತ್ತು. ನಾನು ಹಾಗೆಂದಾಗ ಅಪ್ಪ, “ಮೊದಲೇ ಎಲ್ಲಿಂದ ತರ್ಲಿ?” ಎಂದರು. ಮಾರ್ಚ್ ಕೊನೆಯ ವಾರ ಕಾರಿನ ಕಂತು, ಇನ್ಶೂರೆನ್ಸ್ ಎರಡೂ ಇದ್ದವು. ಅವತ್ತು ಕೈಯಲ್ಲಿದ್ದದ್ದು ಎರಡು ಸಾವಿರ. ಮರುದಿನ ಬಾಡಿಗೆ ಇತ್ತು. ಎರಡು ದಿನ ಕಾರು ಶೆಡ್ಡಿನಲ್ಲಿ ನಿಲ್ಲಿಸುವ ಸ್ಥಿತಿ ಇರಲಿಲ್ಲ. ಬರೀ ಗ್ಯಾಸ್ ತುಂಬಿದ ಗ್ಯಾರೇಜಿನವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಂಟು ಸಾವಿರ ಎಂದು ಮೊದಲ ದಿನವೇ ಹೇಳಿದ್ದರೆ ಅಪ್ಪ ಎದ್ದು ಇನ್ನೊಂದು ಗ್ಯಾರೇಜಿಗೆ ಹೋಗುತ್ತಿದ್ದರು ಎಂಬುದೂ ನಿಜ. ತಪ್ಪು ರಿಪೇರಿ ನಡೆಯುವುದು ಅಜ್ಞಾನದಿಂದ ಮಾತ್ರವಲ್ಲ. ಇವತ್ತಿನ ದುಡ್ಡು ಇವತ್ತಿಗೇ ಸಾಲದವನಿಗೆ ಸೋರಿಕೆಯೇ ಅಗ್ಗವಾಗಿ ಕಾಣುತ್ತದೆ. 1990ರಲ್ಲಿ ಲಂಡನ್ನಿನಲ್ಲಿ ಭಾರತ ಹೇಳಿದ್ದು ಇದನ್ನೇ. ಸರಿಯಾದ ದಾರಿ ಯಾವುದೆಂದು ಗೊತ್ತು, ಮೊದಲ ಕಂತಿಗೆ ಹಣವಿಲ್ಲ ಎಂದು. ದೇಶಕ್ಕೆ ಆ ವಾದದಿಂದ ಒಂದು ನಿಧಿ ಸಿಕ್ಕಿತು. ಟ್ಯಾಕ್ಸಿ ಡ್ರೈವರಿಗೆ ಅಂಥದ್ದು ಯಾವುದೂ ಇಲ್ಲ.

ಹೀಗಾಗಿ ಈ ವೆಚ್ಚದ ಜಗಳ ಈಗ ಸೀಟುಗಳ ನಡುವೆ ನಡೆಯುತ್ತಿದೆ. 2024ರ ಏಪ್ರಿಲಿನಲ್ಲಿ ಹೈದರಾಬಾದಿನ ಆ್ಯಪ್ ಟ್ಯಾಕ್ಸಿ ಚಾಲಕರ ಸಂಘಟನೆ ‘ನೋ ಎಸಿ’ ಎಂಬ ಪ್ರಚಾರ ನಡೆಸಿತು. ಸಿಗುವ ದರದಲ್ಲಿ ಎಸಿಯ ಇಂಧನ, ನಿರ್ವಹಣೆ ಹುಟ್ಟುವುದಿಲ್ಲ ಎಂಬುದು ಅವರ ಮಾತು. ಹಿಂದಿನ ಸೀಟಿನವರಿಗೆ ಅದು ಡ್ರೈವರನ ಹಟದಂತೆ ಕಂಡಿತು. ಇನ್ನೊಂದು ಕಡೆ, ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಂಪು ಎನ್ನುವುದು ಹಿಂದೆ ಕೂತವರ ಸುಖ ಮಾತ್ರವಲ್ಲ, ಓಡಿಸುವವನ ದುಡಿಮೆಯ ಸ್ಥಿತಿಯೂ ಹೌದು ಎಂದು ಕಾನೂನು ಒಪ್ಪಿಕೊಂಡಿತು. ಇದು ದೊಡ್ಡ ಮಾತು. ಆದರೆ ಆ ಲಾರಿಗಳ ಕಂಡೆನ್ಸರಿಗೂ ಕಲ್ಲು ತಾಗುತ್ತದೆ. ಆಗ ತೂತು ಹುಡುಕುವವರು ಯಾರು, ಮುಕ್ಕಾಲು ಗಂಟೆ ಕಾಯುವವರು ಯಾರು, ಆ ಕಾಯುವಿಕೆಗೆ ದುಡ್ಡು ಕೊಡುವವರು ಯಾರು ಎಂಬುದು ಯಾವ ನಿಯಮದಲ್ಲೂ ಇಲ್ಲ.

ಉಸ್ತಾದ್ ದುಡ್ಡು ಎಣಿಸಿಕೊಳ್ಳುತ್ತ ಅಪ್ಪನಿಗೆ ಒಂದು ಮಾತು ಹೇಳಿ ಕಳಿಸಿದರು. ಗಿರಾಕಿ ಇರಲಿ ಬಿಡಲಿ, ಚಳಿಗಾಲವಾಗಲಿ ಮಳೆಗಾಲವಾಗಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಬೇಕು, ಸೀಲ್ ಒಣಗಬಾರದು. ಅಪ್ಪ ಈಗ ಹಾಗೇ ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ಸ್ಟಾರ್ಟ್ ಮಾಡಿ, ಗಾಜು ಏರಿಸಿ, ಒಬ್ಬರೇ ಒಳಗೆ ಕೂತಿರುತ್ತಾರೆ. ಹನ್ನೊಂದು ವರ್ಷದಿಂದ ಆ ಕಾರು ಓಡಿಸುತ್ತಿದ್ದಾರೆ. ಬೇರೆಯವರಿಗಾಗಿ ಅಲ್ಲದೆ ಅದರ ಎಸಿ ಹಾಕಿಕೊಂಡು ಕೂತದ್ದು ಇದೇ ಮೊದಲು. ಮೊದಮೊದಲು ಗಡಿಯಾರ ನೋಡಿ ಹತ್ತು ನಿಮಿಷಕ್ಕೆ ಸರಿಯಾಗಿ ಆಫ್ ಮಾಡುತ್ತಿದ್ದರು. ಈಚೆಗೆ ಪೇಪರ್ ಹಿಡಿದುಕೊಂಡು ಹೋಗುತ್ತಾರೆ.